ಅಡಚಣೆಯ ಕ್ರಯ

ನನ್ನ ಮನೆಯ ಪುಸ್ತಕದ ಬೀರುವಿನ ಎರಡನೆಯ ಅರೆಯಲ್ಲಿ ಒಂದೇ ಬಗೆಯ ಕಂದು ರಟ್ಟಿನ 41 ಇಂಗ್ಲಿಷ್ ಪುಸ್ತಕಗಳಿವೆ. ಮನೆಗೆ ಬಂದ ಸ್ನೇಹಿತರು ಅವನ್ನು ಕಂಡು ಮೆಚ್ಚಿ, ಎಲ್ಲಿ ದೊರೆತುವು, ಎಷ್ಟು ಕೊಟ್ಟಿರಿ ಎಂದು ವಿಚಾರಿಸುವುದುಂಟು. ಮೊದಮೊದಲು ಈ ಪ್ರಶ್ನೆಗೆ ಬಹು ಉತ್ಸಾಹದಿಂದ ಉತ್ತರ ಹೇಳುತ್ತಿದ್ದೆ. ಈಚೆಗೆ ಮಾತನ್ನು ಮಳೆಯ ಕಡೆಗೋ ಕಾಫಿಯ ಕಡೆಗೋ ತಿರುಗಿಸಿಬಿಡುತ್ತೇನೆ. ಅದರ ಕಾರಣವನ್ನು ಶ್ರೋತೃಗಳ ಮುಂದೆ ಬಿಚ್ಚಿಡುವುದಕ್ಕಾಗಿಯೇ ಈ ಹೊತ್ತಿನ ಭಾಷಣಕ್ಕೆ ಈ ವಿಷಯವನ್ನು ಆರಿಸಿಕೊಂಡೆನೆಂದರೂ ತಪ್ಪಾಗಲಾರದು.

ಆ ಪುಸ್ತಕಗಳು ನಿವೃತ್ತರಾದ ಉಪಾಧ್ಯಾಯರೊಬ್ಬರವು. ಅವರ ಕಿರಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ಲಗ್ನಕ್ಕೆ ಇನ್ನು ಒಂಬತ್ತು ದಿನ. ಬರಬೇಕಾಗಿದ್ದ ಯಾವುದೋ ಹಣ ಬಂದಿರಲಿಲ್ಲ. ಪುಸ್ತಕಗಳನ್ನು ಮಾರುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದ ಸಂಜೆಯೇ ನಾನು ಅವರ ಮನೆಗೆ ಹೋದೆ. ಬಾಗಿಲ ಮುಂದೆ ಚಪ್ಪರದ ಗಳುಗಳನ್ನು ನೆಡುತ್ತಿದ್ದರು. ಮೇಷ್ಟ್ರು 400 ರೂಪಾಯಿ ಹೇಳಿದರು. ಅದು ಹೆಚ್ಚೇನೂ ಅಲ್ಲ. ಅಂಗಡಿಯಲ್ಲಿ ಕೊಂಡಿದ್ದರೆ 600ಕ್ಕೆ ಕಡಮೆಯಾಗುತ್ತಿರಲಿಲ್ಲ. ನಾನು 150 ಎಂದೆ. ಎಲ್ಲರೂ ಮಾಡುವ ಹಾಗೆ ಚೌಕಾಸಿಗೆ ಸ್ವಲ್ಪ ಜಾಗವಿರಲಿ ಎಂದು ಹಾಗೆ ಕೇಳಿದ್ದು. 250ಕ್ಕೋ 300ಕ್ಕೋ ಕುದುರೀತೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿಕೊಂಡಿದ್ದೆ. ಅವರು ಒಮ್ಮೆ ಹೊರಗೆ ಚಪ್ಪರದ ಕಡೆ ನೋಡಿದರು. “ಆಗಲಿ ಸ್ವಾಮಿ, ತೆಗೆದುಕೊಂಡು ಹೋಗಿ” ಎಂದರು. ಪುಸ್ತಕಗಳನ್ನು ಗಾಡಿಯಲ್ಲಿ ಹೇರಿಸಿಕೊಂಡು ಮನೆಗೆ ಬಂದ ಆ ರಾತ್ರಿ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಕಾಸಿಗೊಂದು ಕೊಸರಿಗೆರಡು ಎನ್ನುವಂತೆ ಸಿಕ್ಕಿತೆಂದು ಮನೆಯವರೊಡನೆ ಹೇಳಿಕೊಂಡು ನಕ್ಕೆ.

ಆ 150 ರೂಪಾಯಿ ಯಾವುದರ ಬೆಲೆ ಎಂಬ ಯೋಚನೆ ಹುಟ್ಟಿದ್ದು ಬಹಳ ದಿನಗಳ ಮೇಲೆ. ಪುಸ್ತಕಗಳ ಬೆಲೆಯಂತೂ ಅದಲ್ಲ. ತಿಂಗಳ ಹಿಂದೆ ಅದೇ ಮೇಷ್ಟ್ರು ಅದೇ ಪುಸ್ತಕಗಳಿಗೆ 400ಕ್ಕೆ ಒಂದು ಕಾಸು ಕಡಮೆ ಎಂದರೂ ಒಪ್ಪುತ್ತಿರಲಿಲ್ಲ. ಆ ತಿಂಗಳಲ್ಲಿ ಪುಸ್ತಕಗಳಿಂದ ಒಂದು ಹಾಳೆಯೂ ಉದುರಿರಲಿಲ್ಲ. ಉದುರಿದ್ದು ದಿನಗಳು ಮಾತ್ರ. ಅರ್ಥಶಾಸ್ತ್ರದ ಪಾಠಪುಸ್ತಕಗಳಲ್ಲಿ ಕೊಳ್ಳುವವನೂ ಮಾರುವವನೂ ತಕ್ಕಡಿಯ ಎರಡು ತಟ್ಟೆಗಳಂತೆ ಎದುರುಬದುರಾಗಿ ಕುಳಿತು ಬೆಲೆಯನ್ನು ಗೊತ್ತುಮಾಡುತ್ತಾರೆ. ಆ ತಕ್ಕಡಿಯಲ್ಲಿ ಪಂಚಾಂಗಕ್ಕೆ ಸ್ಥಳವಿಲ್ಲ. ಆದರೆ ಅಡಚಣೆಯ ಮಾರಾಟದಲ್ಲಿ ಬೆಲೆಯನ್ನು ಕಟ್ಟತಕ್ಕದ್ದು ಪಂಚಾಂಗವೇ. ಮಾರುವವನಿಗೆ ಒಂದು ತಾರೀಖು ಉಂಟು, ಕೊಳ್ಳುವವನಿಗೆ ಇಲ್ಲ, ಇಷ್ಟೇ ವ್ಯತ್ಯಾಸ. ಪತ್ರಿಕೆಯಲ್ಲಿ ಮನೆಯ ಮಾರಾಟದ ಜಾಹೀರಾತು ಕೊಡುವವರು “ತುರ್ತಾಗಿ” ಎಂಬ ಒಂದು ಮಾತನ್ನು ಸೇರಿಸುತ್ತಾರೆ. ಗಿರಾಕಿಗಳು ಬೇಗ ಬರಲಿ ಎಂದು ಅವರ ಎಣಿಕೆ. ಬೇಗ ಬರುವುದೇನೋ ನಿಜ. ಆ ಒಂದು ಮಾತಿಗಾಗಿ ಎಷ್ಟು ಸಾವಿರ ಕಳೆಯಬಹುದೆಂದು ಲೆಕ್ಕ ಮಾಡಿಕೊಂಡೇ ಬರುತ್ತಾರೆ.

ಆ 41ರಲ್ಲಿ ಬಾಸ್ವೆಲ್ ಬರೆದ ಜಾನ್ಸನ್ನನ ಜೀವನಚರಿತ್ರೆಯೂ ಸೇರಿತ್ತು. ಅದರಲ್ಲಿ ಒಂದು ಕಡೆ ಮೇಷ್ಟ್ರು ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. 1762ರ ಸುಮಾರಿಗೆ ನಡೆದ ಸಂಗತಿ ಅದು. ಒಂದು ಬೆಳಗ್ಗೆ ಗೋಲ್ಡ್‌ಸ್ಮಿತ್ ಕವಿ ಬಹು ಕಷ್ಟದಲ್ಲಿ ಸಿಕ್ಕಿಕೊಂಡಿದ್ದೇನೆಂದು ಜಾನ್ಸನ್ನನಿಗೆ ಹೇಳಿಕಳುಹಿಸುತ್ತಾನೆ. ಜಾನ್ಸನ್ ಒಂದು ಗಿನಿಯನ್ನು ಮುಂದಾಗಿ ಕಳುಹಿಸಿ, ಬಟ್ಟೆ ಹಾಕಿಕೊಂಡು ತಾನೂ ಹೋಗುತ್ತಾನೆ. ಅಲ್ಲಿ ನೋಡಿದರೆ ಬಾಡಿಗೆ ಬಾಕಿಗಾಗಿ ಮನೆಯೊಡತಿ ಕವಿಯನ್ನು ಬಂಧನಕ್ಕೊಪ್ಪಿಸಿದ್ದಾಳೆ. ಕವಿ ಕೋಪದಿಂದ ಕುದಿಯುತ್ತಿದ್ದಾನೆ. ಗಿನಿ ಆಗಲೇ ಮುರಿದುಹೋಗಿ, ಎದುರಿಗೆ ಮದೀರಾ ದ್ರಾಕ್ಷಾರಸದ ಒಂದು ಸೀಸೆ ನಿಂತಿದೆ. ಜಾನ್ಸನ್ ಮೊದಲು ಸೀಸೆಗೆ ಬಿರಡೆ ಹಾಕಿದ. ಆಮೇಲೆ, ನಿನ್ನ ಬಳಿ ಏನಿದೆ ಎಂದು ಕೇಳಿದ. ಒಂದು ಕಾದಂಬರಿಯ ಹಸ್ತಪ್ರತಿ ಇತ್ತು. ಅದನ್ನು ತಿರುವಿ ನೋಡಿ, ಗುಣವಿದೆ ಎಂದು ಕಂಡು, ಪುಸ್ತಕ ವ್ಯಾಪಾರಿಯೊಬ್ಬನ ಹತ್ತಿರಕ್ಕೆ ಹೋಗಿ 60 ಪೌಂಡಿಗೆ ಮಾರಿ ಹಣ ತಂದುಕೊಟ್ಟ. ಗೋಲ್ಡ್‌ಸ್ಮಿತ್ ಬಾಡಿಗೆ ತೀರಿಸಿದ. ಮನೆಯೊಡತಿಯನ್ನು ಚೆನ್ನಾಗಿ ಬಯ್ಯುವುದನ್ನೂ ಮರೆಯಲಿಲ್ಲ. ಆ ಹಸ್ತಪ್ರತಿಯೇ 1766ರಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾದ ‘ವೇಕ್‌ಫೀಲ್ಡಿನ ಪಾದ್ರಿ’.

ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗ ಹುಡುಗರು ಸೀಸೆಯ ಪ್ರಸಂಗಕ್ಕೆ ನಗುತ್ತಾರೆ. ನನಗೆ ಈಗ ಮುಖ್ಯವಾಗಿ ಕಾಣುವುದು ಬೇರೆ. ಮಾರುವುದಕ್ಕೆ ಹೋದವನು ಗೋಲ್ಡ್‌ಸ್ಮಿತ್ ಅಲ್ಲ, ಜಾನ್ಸನ್. ಬಾಡಿಗೆಯ ಚಿಂತೆ ಅವನ ಮುಖದಲ್ಲಿ ಬರೆದಿರಲಿಲ್ಲ. 60 ಪೌಂಡು ಬಹಳ ಕಡಮೆಯಾಯಿತಲ್ಲವೆ ಎಂದು ಮುಂದೆ ಮಾತು ಬಂದಾಗ, ಆ ವೇಳೆಗೆ ಅದು ಸಾಕಾದಷ್ಟೇ ಬೆಲೆ, ಗೋಲ್ಡ್‌ಸ್ಮಿತ್ತನ ಹೆಸರು ಇನ್ನೂ ಮೇಲಕ್ಕೆ ಬಂದಿರಲಿಲ್ಲ ಎಂದು ಜಾನ್ಸನ್ನನೇ ಸಮಾಧಾನ ಹೇಳಿದ್ದಾನೆ. ಅದು ನಿಜವಿರಬಹುದು. 1764ರ ಕೊನೆಯಲ್ಲಿ ‘ಪ್ರವಾಸಿ’ ಎಂಬ ಕವನ ಹೊರಬಿದ್ದ ಮೇಲೆ ಆ ಹೆಸರಿಗೆ ಬೆಲೆ ಬಂತು. ಕೊಂಡ ವ್ಯಾಪಾರಿ ಅಲ್ಲಿಯವರೆಗೂ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾದ. ಕಾಯುವ ಶಕ್ತಿ ಅವನಿಗಿತ್ತು. ಬರೆದವನಿಗೆ ಮಧ್ಯಾಹ್ನದವರೆಗೂ ಇರಲಿಲ್ಲ. ಕಷ್ಟದಲ್ಲಿರುವವರು ತಾವೇ ಮಾರುವುದಕ್ಕೆ ಹೋಗಬಾರದು, ಕಷ್ಟವಿಲ್ಲದ ಸ್ನೇಹಿತನೊಬ್ಬನನ್ನು ಕಳುಹಿಸಬೇಕು ಎಂಬುದು ಈ ವಿಷಯದಲ್ಲಿ ನಾನು ಕೊಡಬಲ್ಲ ಒಂದೇ ವ್ಯಾವಹಾರಿಕ ಸಲಹೆ. ಅಂಥ ಸ್ನೇಹಿತರು ಎಲ್ಲರಿಗೂ ಇರುತ್ತಾರೆಯೇ ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನಮ್ಮ ದೇಶದಲ್ಲಿ ಅಡಚಣೆಯನ್ನು ಮುಚ್ಚಿಟ್ಟುಕೊಳ್ಳುವುದಕ್ಕೂ ಅವಕಾಶವಿರಲಿಲ್ಲ ಎಂಬುದು ಒಂದು ವಿಚಿತ್ರ. ಹಳೆಯ ಕ್ರಯಪತ್ರಗಳನ್ನು ನೋಡಿದವರಿಗೆ ಇದು ಗೊತ್ತು. ಚೆಕ್ಕುಬಂದಿ ಬರುವುದಕ್ಕೆ ಮೊದಲೇ, “ನನ್ನ ಸಂಸಾರದ ಅಡಚಣೆಯ ನಿಮಿತ್ತ” ಎಂದೋ, ಸಾಲ ತೀರಿಸುವುದಕ್ಕೆಂದೋ, ಮಗಳ ವಿವಾಹದ ಖರ್ಚಿಗೆಂದೋ ಬರೆದಿರುತ್ತದೆ. ಇದು ಬರಹಗಾರರ ವಾಡಿಕೆಯ ಅಲಂಕಾರವಲ್ಲ, ಹಿಂದೆ ಶಾಸ್ತ್ರವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದ. ಅವಿಭಕ್ತ ಕುಟುಂಬದ ಸ್ಥಿರಾಸ್ತಿಯನ್ನು ಒಬ್ಬನೇ ಪರಭಾರೆ ಮಾಡಕೂಡದು. ಆದರೆ ಆಪತ್ತು ಬಂದಾಗ, ಕುಟುಂಬದ ಪೋಷಣೆಗಾಗಿ, ಬಿಡಲಾಗದ ಧರ್ಮಕಾರ್ಯಕ್ಕಾಗಿ, ಈ ಮೂರು ನಿಮಿತ್ತಗಳಲ್ಲಿ ಮಾಡಬಹುದು ಎಂದು ಅಲ್ಲಿ ವಿಧಿಸಿದೆ. ಭೂಮಿಯನ್ನು ಮಾರುವುದೇ ಅಷ್ಟು ಹಿತವಲ್ಲದ ಕೆಲಸ. ಮಾರಲೇಬೇಕಾದರೆ ಹೊನ್ನನ್ನೂ ನೀರನ್ನೂ ಕೈಯಲ್ಲಿ ಹಿಡಿದು ದಾನದ ವೇಷದಲ್ಲಿ ಮಾರು ಎಂಬುದೂ ಅಲ್ಲಿಯೇ ಇದೆ. ಬ್ರಿಟಿಷರ ಕಾಲದಲ್ಲಿ, 1856ರಲ್ಲಿ, ಪ್ರಿವಿ ಕೌನ್ಸಿಲ್ ಒಂದು ಪ್ರಸಿದ್ಧ ತೀರ್ಪಿನಲ್ಲಿ, ಸಾಲ ಕೊಡುವವನು ಆಸ್ತಿಯ ಮೇಲೆ ನಿಜವಾದ ಒತ್ತಡವಿದೆಯೇ ಎಂದು ವಿಚಾರಿಸಿಕೊಳ್ಳಬೇಕೆಂದು ಹೇಳಿತು. ಕೊಳ್ಳುವವನಿಗೂ ಅದೇ ನ್ಯಾಯವಾಯಿತು.

ಉದ್ದೇಶ ಒಳ್ಳೆಯದು. ದುಂದುಗಾರನಾದ ಯಜಮಾನನಿಂದ ಮಕ್ಕಳ ಪಾಲು ಉಳಿಯಲಿ ಎಂದು ಹಾಕಿದ ಬೇಲಿ. ಆದರೆ ಇದರ ಇನ್ನೊಂದು ಮುಖವನ್ನು ನೋಡಿ. ಕೊಳ್ಳುವವನು ತನ್ನ ಕ್ರಯ ಊರ್ಜಿತವಾಗಬೇಕಾದರೆ ಮಾರುವವನ ಕಷ್ಟವನ್ನು ಕೇಳಿ ತಿಳಿಯಬೇಕು, ಕಾಗದದಲ್ಲಿ ಬರೆಸಬೇಕು, ಸಾಕ್ಷಿ ಹಾಕಿಸಬೇಕು. ವೈದ್ಯನ ಮುಂದೆ ಹೇಳಬೇಕಾದುದನ್ನೆಲ್ಲ ಗಿರಾಕಿಯ ಮುಂದೆ ಹೇಳಿದ ಮೇಲೆ ಬೆಲೆಯ ಮಾತನ್ನು ಆಡುವುದಕ್ಕೆ ಏನು ಉಳಿಯಿತು?

ಈ ಅನ್ಯಾಯವನ್ನು ತಡೆಯಲು ಯತ್ನಿಸಿದ ನ್ಯಾಯಶಾಸ್ತ್ರಗಳೂ ಉಂಟು. ರೋಮನರಲ್ಲಿ, ಚಕ್ರವರ್ತಿ ಡಯೊಕ್ಲೀಷಿಯನ್ನನ ಹೆಸರಿನಲ್ಲಿ ಉಳಿದಿರುವ ಶಾಸನಗಳ ಪ್ರಕಾರ, ಭೂಮಿಯನ್ನು ನ್ಯಾಯವಾದ ಬೆಲೆಯ ಅರ್ಧಕ್ಕಿಂತ ಕಡಮೆಗೆ ಮಾರಿದವನು ಹಣವನ್ನು ಹಿಂದಕ್ಕೆ ಕೊಟ್ಟು ಭೂಮಿಯನ್ನು ಕೇಳಬಹುದು. ಬೇಡವಾದರೆ ಕೊಂಡವನು ಕೊರತೆಯನ್ನು ತುಂಬಿಕೊಡಬೇಕು. 1804ರ ಫ್ರೆಂಚ್ ಸಂಹಿತೆ ಈ ತತ್ತ್ವವನ್ನು ಉಳಿಸಿಕೊಂಡು, ಬೆಲೆಯ ಹನ್ನೆರಡರಲ್ಲಿ ಏಳು ಪಾಲಿಗಿಂತ ಹೆಚ್ಚು ನಷ್ಟವಾಗಿದ್ದರೆ ಮಾರಿದವನು ಎರಡು ವರ್ಷದೊಳಗೆ ದಾವೆ ಹೂಡಬಹುದೆಂದು ಗೊತ್ತುಮಾಡಿತು. ಇಂಗ್ಲಿಷ್ ನ್ಯಾಯದ ದಾರಿ ಬೇರೆ. ನಮ್ಮ 1872ರ ಕರಾರು ಶಾಸನದ 25ನೆಯ ಪ್ರಕರಣದ ಕೆಳಗೆ ಒಂದು ಉದಾಹರಣೆ ಇದೆ: 1000 ರೂಪಾಯಿ ಬಾಳುವ ಕುದುರೆಯನ್ನು ಒಬ್ಬನು 10 ರೂಪಾಯಿಗೆ ಮಾರಲು ಒಪ್ಪುತ್ತಾನೆ, ಅವನ ಒಪ್ಪಿಗೆ ಸ್ವಸಂತೋಷದ್ದಾಗಿದ್ದರೆ ಕರಾರು ಊರ್ಜಿತ. ಬೆಲೆ ಅಷ್ಟು ಕಡಮೆ ಎಂಬುದನ್ನು, ಒಪ್ಪಿಗೆ ನಿಜವಾಗಿ ಸ್ವತಂತ್ರವೇ ಎಂದು ತೂಗುವಾಗ ನ್ಯಾಯಾಲಯ ಗಮನಿಸಬಹುದು, ಅಷ್ಟೆ. ಆ ಕುದುರೆಯ ಯಜಮಾನನನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಅವನಿಗೆ ಯಾವ ತಾರೀಖು ಎದುರಿಗಿತ್ತೋ ಶಾಸನ ಹೇಳುವುದಿಲ್ಲ. ಮೇಷ್ಟ್ರನ್ನು ನಾನು ಹೆದರಿಸಲಿಲ್ಲ, ವಂಚಿಸಲಿಲ್ಲ. ಶಾಸನದ ಕಣ್ಣಿಗೆ ಅವರ ಒಪ್ಪಿಗೆಯೂ ಸ್ವತಂತ್ರವಾದುದೇ.

ಇಲ್ಲಿಯವರೆಗೆ ಹೇಳಿದ್ದು ಒಬ್ಬೊಬ್ಬರ ಕಷ್ಟ. ಒಂದು ಊರಿಗೆ ಊರೇ ಒಂದೇ ದಿನ ಮಾರಲು ಹೊರಟರೆ ಏನಾಗುತ್ತದೆಂಬುದನ್ನು ನಮ್ಮ ರೈತರನ್ನು ಕೇಳಬೇಕು. ಕಂದಾಯದ ಕಿಸ್ತು ಎಲ್ಲರಿಗೂ ಒಂದೇ ಕಾಲಕ್ಕೆ. ಸುಗ್ಗಿಯೂ ಎಲ್ಲರಿಗೂ ಒಂದೇ ಕಾಲಕ್ಕೆ. ಕಣದಲ್ಲಿ ರಾಶಿ ಮಾಡಿದ ವಾರವೇ ಧಾನ್ಯ ಪೇಟೆಗೆ ಹೋಗುತ್ತದೆ, ಧಾರಣೆ ಬೀಳುತ್ತದೆ. ಆರು ತಿಂಗಳ ಮೇಲೆ ಅದೇ ರೈತ ಅದೇ ಧಾನ್ಯವನ್ನು ಬಿತ್ತನೆಗೋ ಊಟಕ್ಕೋ ಹೆಚ್ಚಿನ ಬೆಲೆಗೆ ಕೊಂಡು ತರುತ್ತಾನೆ. ಇದು ನೆಟ್ಟಗೆ ಮಳೆ ಬಂದ ವರ್ಷದ ಮಾತು. ಬರಗಾಲದಲ್ಲಿ ಲೆಕ್ಕ ಇನ್ನೂ ಕ್ರೂರ. ಮೇವಿಲ್ಲದ ಎತ್ತನ್ನು ಎಲ್ಲರೂ ಸಂತೆಗೆ ಹೊಡೆಯುತ್ತಾರೆ, ಕೊಳ್ಳುವವರಾರು? ಎತ್ತಿನ ಬೆಲೆ ಇಳಿಯುತ್ತಿರುವಾಗಲೇ ರಾಗಿಯ ಬೆಲೆ ಏರುತ್ತಿರುತ್ತದೆ. ಹೀಗೆ ಎರಡು ಬೆಲೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಡೆಯುವುದರಲ್ಲಿಯೇ ಸಾವು ಅಡಗಿದೆ ಎಂಬುದನ್ನು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ವಿವರಿಸಿದರು. 1876–78ರ ಬರಗಾಲವನ್ನು, ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದುದನ್ನು, ಕಂಡ ಊರುಗಳಿಗೆ ಈ ವಿವರಣೆ ಬೇಕಾಗಿರಲಿಲ್ಲ. ಆ ವರ್ಷಗಳಲ್ಲಿ ಹೆಂಗಸರ ಕೈಕಾಲಿನ ಬೆಳ್ಳಿ ಕರಗುವುದಕ್ಕಾಗಿ ಮುಂಬಯಿಯ ಟಂಕಸಾಲೆಗೆ ಹೋಗಿ ಸೇರಿತು.

1943ರಲ್ಲಿ ಬಂಗಾಳದಲ್ಲಿ ನಡೆದುದಕ್ಕೆ ಅಂಕಿಗಳೂ ಉಂಟು. ಮಹಲನೋಬಿಸ್‌ ಅವರೂ ಅವರ ಸಂಗಡಿಗರೂ ಹಳ್ಳಿಹಳ್ಳಿ ತಿರುಗಿ ಮಾಡಿದ ಸಮೀಕ್ಷೆಯ ಪ್ರಕಾರ ಆ ಒಂದು ವರ್ಷದಲ್ಲಿ ಸುಮಾರು 2,60,000 ಕುಟುಂಬಗಳು ತಮಗಿದ್ದ ಗದ್ದೆಯನ್ನೆಲ್ಲ ಮಾರಿಕೊಂಡುವು. ಭಾಗಶಃ ಮಾರಿದವರೂ ಅಡವಿಟ್ಟವರೂ ಇದಕ್ಕಿಂತ ಎಷ್ಟೋ ಹೆಚ್ಚು. ಮರುವರ್ಷ ಅಲ್ಲಿನ ಸರ್ಕಾರ, ಹಾಗೆ ಮಾರಿದ ಸಣ್ಣ ಹಿಡುವಳಿಗಳನ್ನು ಹಣ ಹಿಂದಿರುಗಿಸಿ ಬಿಡಿಸಿಕೊಳ್ಳಬಹುದೆಂದು ಶಾಸನ ಮಾಡಿತು. ಅಕ್ಕಿಗಾಗಿ ಗದ್ದೆ ಮಾರಿದವನು ಮರುವರ್ಷ ಆ ಹಣವನ್ನು ಎಲ್ಲಿಂದ ತರಬೇಕು?

ಅಡಚಣೆಯ ಮಾರಾಟವೆಂದರೆ ಯಾವಾಗಲೂ ಕಣ್ಣಿಗೆ ಕಾಣುವಂತೆ ಅಗ್ಗವಾಗಿರಬೇಕೆಂದಿಲ್ಲ. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಚಿನ್ನದ ಪ್ರಮಾಣವನ್ನು ಬಿಟ್ಟಿತು. ರೂಪಾಯಿಯನ್ನು ಪೌಂಡಿನ ಕೊರಳಿಗೆ ಕಟ್ಟಿದ್ದುದರಿಂದ ಇಲ್ಲಿ ಚಿನ್ನದ ಧಾರಣೆ ಏರಿತು. ತೊಲಕ್ಕೆ 21 ರೂಪಾಯಿ ಚಿಲ್ಲರೆ ಇದ್ದದ್ದು ಒಂದೆರಡು ವರ್ಷಗಳಲ್ಲಿ 30 ದಾಟಿತು. ಆಗ ಹಳ್ಳಿಗಳಿಂದ ಬಳೆ, ಸರ, ಡಾಬು ಚಿನಿವಾರನ ಅಂಗಡಿಗೆ ಬಂದು, ಅಲ್ಲಿಂದ ಮುಂಬಯಿಗೆ ಹೋಗಿ, ಹಡಗು ಹತ್ತಿದುವು. ಆ ದಶಕದಲ್ಲಿ ಹೀಗೆ ಹೊರಟುಹೋದ ಚಿನ್ನದ ಬೆಲೆ 300 ಕೋಟಿ ರೂಪಾಯಿಗೂ ಮೇಲು. ಜನರು ಲಾಭ ನೋಡಿ ಮಾರುತ್ತಿದ್ದಾರೆ, ಇದರಲ್ಲಿ ದುಃಖಪಡತಕ್ಕದ್ದೇನೂ ಇಲ್ಲ ಎಂದು ಸರ್ಕಾರದ ಕಡೆಯವರು ಹೇಳಿದರು. ಇದು ಕಷ್ಟದ ಚಿನ್ನ ಎಂದು ರಾಷ್ಟ್ರೀಯರು ಹೇಳಿದರು. ಅಂಕಗಣಿತದಲ್ಲಿ ಸರ್ಕಾರದವರದು ಸರಿ. ಅಜ್ಜಿ 20 ರೂಪಾಯಿಗೆ ಕೊಂಡಿದ್ದ ಚಿನ್ನವನ್ನು ಮೊಮ್ಮಗ 28ಕ್ಕೆ ಮಾರಿದ. ಆದರೆ ಧಾನ್ಯದ ಬೆಲೆ ಹೆಚ್ಚುಕಡಮೆ ಅರ್ಧಕ್ಕೆ ಇಳಿದಿತ್ತು; ಕಿಸ್ತೂ ಬಡ್ಡಿಯೂ ಇಳಿದಿರಲಿಲ್ಲ. 28ಕ್ಕೆ ಮಾರಿದವನು ಒಂದೆರಡು ವರ್ಷ ಕಾದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು. ಕಾಯುವುದೊಂದೇ ಅವನ ಕೈಯಲ್ಲಿ ಇರಲಿಲ್ಲ.

ಕಾಯಲು ಆಗದವನಿಗೆ ಕಾಯುವ ಶಕ್ತಿಯನ್ನು ಕೊಡಬೇಕು. ಎಲ್ಲ ಪರಿಹಾರಗಳೂ ಬಂದು ನಿಲ್ಲುವುದು ಇಲ್ಲಿಯೇ. ಮಾರುವುದರ ಬದಲು ಒತ್ತೆ ಇಡುವುದು, ಭೋಗ್ಯಕ್ಕೆ ಕೊಡುವುದು, ಇಂತಿಷ್ಟು ಕಾಲದೊಳಗೆ ಹಣ ಕೊಟ್ಟರೆ ಹಿಂದಿರುಗಿಸತಕ್ಕದ್ದೆಂಬ ಷರತ್ತಿನ ಮುದ್ದತ್ತು ಕ್ರಯ, ಇವೆಲ್ಲ ನಮ್ಮ ಜನ ತಾವೇ ಕಂಡುಕೊಂಡ ಉಪಾಯಗಳು. ಇವುಗಳಲ್ಲಿಯೂ ಮೋಸವಿಲ್ಲದಿಲ್ಲ, ಮುದ್ದತ್ತು ತೀರಿದ ಮರುದಿನ ಬೆಳಗ್ಗೆ ಸಾಹುಕಾರ ಊರಿನಲ್ಲೇ ಸಿಗದಂತಾಗುವ ಕಥೆಗಳು ಪ್ರತಿ ತಾಲ್ಲೂಕಿನಲ್ಲಿಯೂ ಉಂಟು. 1904ರ ಸಹಕಾರ ಸಂಘಗಳ ಶಾಸನ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದಲ್ಲಿಯೇ ಅಂಥ ಸಂಘಗಳಲ್ಲಿ ಮೊದಲನೆಯದೆಂದು ಅದಕ್ಕೆ ಹೆಸರು. ರೈತನಿಗೆ ಸಂಘ ಕೊಟ್ಟ ಸಾಲವನ್ನು ರೂಪಾಯಿಗಳಲ್ಲಿ ಎಣಿಸುವುದು ವಾಡಿಕೆ. ತಿಂಗಳುಗಳಲ್ಲಿ ಎಣಿಸಿದರೆ ಅದರ ನಿಜವಾದ ಬೆಲೆ ತಿಳಿಯುತ್ತದೆಂದು ನನಗೆ ತೋರುತ್ತದೆ.

ರಾಜ್ಯಗಳಿಗೂ ಈ ನಿಯಮ ತಪ್ಪಿದ್ದಲ್ಲ. 1991ರಲ್ಲಿ ಭಾರತ ಸರ್ಕಾರದ ಹತ್ತಿರ ವಿದೇಶೀ ಹಣ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಾಗ, ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು, ಮತ್ತೆ ಕೊಂಡುಕೊಳ್ಳುವ ಹಕ್ಕನ್ನು ಇಟ್ಟುಕೊಂಡು, ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ ಮಾರಲಾಯಿತು. ಜುಲೈನಲ್ಲಿ ಸುಮಾರು 47 ಟನ್ನನ್ನು ಇಂಗ್ಲೆಂಡ್, ಜಪಾನ್ ದೇಶಗಳ ಕೇಂದ್ರ ಬ್ಯಾಂಕುಗಳಲ್ಲಿ ಒತ್ತೆಯಿಟ್ಟು ಸುಮಾರು 40 ಕೋಟಿ ಡಾಲರು ತರಲಾಯಿತು. ಮೇ ತಿಂಗಳದು ನಮ್ಮ ಹಳ್ಳಿಯ ಮುದ್ದತ್ತು ಕ್ರಯವೇ, ಜುಲೈನದು ಒತ್ತೆಯೇ. ಹೆಸರು ಮಾತ್ರ ದೊಡ್ಡವು. ಊರಿನ ಮಾನ ಹೋಯಿತೆಂದು ಆಗ ಬಹಳ ಮಂದಿ ಮರುಗಿದರು. ಆ ಸಾಲ ಕೆಲವೇ ತಿಂಗಳುಗಳಲ್ಲಿ ತೀರಿತು. ಒಂದು ಸಂಸಾರವೇ ಆಗಲಿ ಒಂದು ದೇಶವೇ ಆಗಲಿ, ಒಡವೆಯನ್ನು ಮಾರದೆ ಒತ್ತೆಯಿಟ್ಟು ಬಿಡಿಸಿಕೊಂಡಿತೆಂದರೆ ಅದರಲ್ಲಿ ನಾಚಿಕೆಪಡತಕ್ಕದ್ದೇನಿದೆಯೋ ನನಗೆ ತಿಳಿಯದು.

ಇನ್ನು ಹರಿಶ್ಚಂದ್ರನ ಮಾತನ್ನು ಬಿಟ್ಟರೆ ನನ್ನ ಶ್ರೋತೃಗಳು ಕ್ಷಮಿಸಲಾರರು. ರಾಘವಾಂಕನ ಕಾವ್ಯವನ್ನು ಓದುವಾಗ ಎಲ್ಲರೂ ರಾಜನ ಸತ್ಯವನ್ನೂ ಚಂದ್ರಮತಿಯ ಕಣ್ಣೀರನ್ನೂ ನೋಡುತ್ತಾರೆ. ಕಾಶಿಯ ಬೀದಿಯಲ್ಲಿ ಹೆಂಡತಿಯನ್ನೂ ಮಗನನ್ನೂ ಮಾರಲು ನಿಂತವನ ಬೆನ್ನ ಹಿಂದೆ ಸಾಲದ ಗಡುವನ್ನು ಎಣಿಸುತ್ತ ನಕ್ಷತ್ರಿಕ ನಿಂತಿದ್ದಾನೆ. ಕಾಡುವವನಿಗೆ ನಕ್ಷತ್ರಿಕನೆಂದು ನಮ್ಮ ಮನೆಮಾತುಗಳಲ್ಲಿ ಹೆಸರೇ ಆಗಿಹೋಗಿದೆ. ಮುಂದೆ ನಿಂತು ಕೊಂಡ ಬ್ರಾಹ್ಮಣನನ್ನು ಯಾರೂ ನೆನೆಯುವುದಿಲ್ಲ. ನಾನು ಈಚೆಗೆ ಆ ಭಾಗವನ್ನು ಪಾಠ ಹೇಳುವಾಗ ಅವನಲ್ಲಿಯೇ ಕಣ್ಣಿಡುತ್ತೇನೆ.

ಮದುವೆಯಾಗಿ ಎರಡು ವರ್ಷದ ಮೇಲೆ ಒಂದು ಲಕೋಟೆಯಲ್ಲಿ 250 ರೂಪಾಯಿ ಹಾಕಿಕೊಂಡು ಮೇಷ್ಟ್ರ ಮನೆಗೆ ಹೋದೆ. ಹೇಗೆ ಕೊಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿಗೆ ಹೋದ ಮೇಲೆ ಒಂದೂ ನೆನಪಾಗಲಿಲ್ಲ. ಲಕೋಟೆಯನ್ನು ಮೇಜಿನ ಮೇಲಿಟ್ಟು, “ಪುಸ್ತಕದ ಬಾಬು, ಬಾಕಿ ಉಳಿದಿತ್ತು ಮೇಷ್ಟ್ರೇ” ಎಂದೆ. ಅವರು ತೆರೆದು ನೋಡಿ, ನಕ್ಕು, ಮತ್ತೆ ನನ್ನ ಕೈಗೇ ಕೊಟ್ಟರು. “ಬಾಕಿ ಏನೂ ಇಲ್ಲ ಸ್ವಾಮಿ. ಆ ವಾರ ಪುಸ್ತಕ ಕೇಳಿಕೊಂಡು ಬಂದವರು ನೀವೊಬ್ಬರೇ. ನೀವು ಕೊಟ್ಟ ದುಡ್ಡನ್ನು ಅಡಿಗೆಯವರಿಗೆ ಮುಂಗಡ ಕೊಟ್ಟೆ, ಇಲ್ಲದಿದ್ದರೆ ಅವರು ಒಪ್ಪುತ್ತಿರಲಿಲ್ಲ” ಎಂದರು. ಒಳಗಿನಿಂದ ಕಾಫಿ ಬಂತು. ನಾನು ಹೊರಡಲು ಎದ್ದಾಗ ಸ್ವಲ್ಪ ಸಂಕೋಚದಿಂದ ಕೇಳಿದರು: “ಆ ಬಾಸ್ವೆಲ್ಲನ್ನು ಒಂದು ವಾರದ ಮಟ್ಟಿಗೆ ಕೊಡುತ್ತೀರಾ? ಒಂದು ಭಾಗ ಮತ್ತೆ ನೋಡಬೇಕಾಗಿತ್ತು.”

ಅಂದೇ ಸಂಜೆ ಕಳುಹಿಸಿಕೊಟ್ಟೆ. ನಿಮ್ಮಲ್ಲಿಯೇ ಇರಲಿ ಎಂದು ಚೀಟಿಯನ್ನೂ ಇಟ್ಟಿದ್ದೆ. ಎಂಟನೆಯ ದಿನ ಬೆಳಗ್ಗೆ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ದಾರ ಕಟ್ಟಿದ ಪುಸ್ತಕ, ಚೀಟಿಯ ಸಮೇತ, ಒಬ್ಬ ಹುಡುಗನ ಕೈಯಲ್ಲಿ ನನ್ನ ಮನೆಗೆ ಹಿಂದಿರುಗಿತು.